ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿಗೆ ಟೈರಿನ ಆಯ್ಕೆ

(ಅಂತಿಮ ಬಿ.ಎ. ವಿದ್ಯಾರ್ಥಿ)

ಇಂದಿನದು ಯಂತ್ರಯುಗವೆಂಬ ಮಾತನ್ನು ನಾವೆಲ್ಲರೂ ಪ್ರಬಂಧಗಳಲ್ಲಿ ಬರೆದು ಅಂಕಗಳನ್ನು ಗಳಿಸಿದ್ದೇವೆ. ಆದರೆ ದಿನವೂ ಏರಿ ಕುಳಿತುಕೊಳ್ಳುವ ಯಂತ್ರದ ವಿಷಯದಲ್ಲಿ ನಮಗೆ ತಿಳಿದಿರುವುದು ಅತ್ಯಲ್ಪ. ಮಾನ್ವಿ, ಸಿರವಾರ, ದೇವದುರ್ಗ, ಗಬ್ಬೂರುಗಳ ಕಡೆಯಿಂದ ಬಂದು ನಮ್ಮ ಕಾಲೇಜಿನ ಬೇವಿನ ಮರಗಳ ಕೆಳಗೆ ನಿಲ್ಲುವ ಮೋಟಾರ್ ಸೈಕಲ್ಲುಗಳನ್ನು ಒಮ್ಮೆ ನೋಡಿರಿ. ಒಡೆಯನಿಗೆ ತನ್ನ ಗಾಡಿಯ ಬಣ್ಣ ಗೊತ್ತು, ಮೈಲೇಜು ಗೊತ್ತು. ಹಿಂದಿನ ಟೈರಿನ ಮಗ್ಗುಲಲ್ಲಿ ಏನು ಬರೆದಿದೆಯೆಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಕಳೆದ ವರ್ಷದವರೆಗೆ ನನ್ನ ಸ್ಥಿತಿಯೂ ಅದೇ ಆಗಿತ್ತು.

ಕಲಾ ವಿಭಾಗದ ವಿದ್ಯಾರ್ಥಿಗೆ ಟೈರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುವೆನು. ನಮ್ಮ ತಂದೆಯವರು ಪಾತ್ರೆ ವ್ಯಾಪಾರಿಗಳು. ನೂರು ಸಿ.ಸಿ.ಯ ಹಳೆಯ ಗಾಡಿಗೆ ಪಾತ್ರೆಗಳ ಗಂಟು ಕಟ್ಟಿ, ತಾಯಿಯವರನ್ನು ಹಿಂದೆ ಕೂಡ್ರಿಸಿಕೊಂಡು, ಊರೂರ ಸಂತೆಗೆ ಹೋಗುವರು. ಮನೆಯ ಜೋಳವೂ ನನ್ನ ಕಾಲೇಜಿನ ಫೀಜೂ ಬರುವುದು ಆ ಗಾಡಿಯಿಂದಲೇ. ಕಳೆದ ಮಳೆಗಾಲದ ತರುವಾಯ ಕಾಲುವೆ ದಂಡೆಯ ರಸ್ತೆಯಲ್ಲಿ ಗುಂಡಿಗೆ ಬಿದ್ದು ಹಿಂದಿನ ರಿಮ್ಮು ಸೊಟ್ಟಾಯಿತು, ಕಡ್ಡಿಗಳು ಮುರಿದವು. ಅಂಗಡಿಯೊಂದಕ್ಕೆ ಹೋದೆವು. ಅಲ್ಲಿ ಬೇರೊಂದು ಗಾಡಿಯಿಂದ ಬಿಚ್ಚಿದ ಅಲಾಯ್ ಗಾಲಿಯೊಂದಿತ್ತು. "ಕಡ್ಡಿ ಗಾಲಿ ಯಾಕ್ರಿ ಯಜಮಾನ್ರ, ಇದನ್ನ ಹಾಕಿಸ್ರಿ. ಟೈರು ದಪ್ಪಂದು ಕೊಡ್ತೀನಿ, ಗಾಡಿ ಜಬರ್ದಸ್ತ್ ಕಾಣ್ತದ" ಎಂದು ಅಂಗಡಿಯವನು ಹೇಳಿದನು. ತಂದೆಯವರು ನನ್ನ ಕಡೆ ತಿರುಗಿ, "ನೀ ಓದಿದಾಂವ ಇದ್ದಿ. ಟೈರಿನ ಮ್ಯಾಲ ಏನೋ ಬರದಾರ, ಓದಿ ನೋಡಪಾ" ಎಂದರು. ನಾನು ಬಗ್ಗಿ ಓದಿದೆ. ಅಂಕಿಗಳನ್ನು ಓದಿದೆನೇ ಹೊರತು ಅರ್ಥವನ್ನು ಓದಲಿಲ್ಲ. ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಗಿ, "ಚಲೋ ಅದ" ಎಂದುಬಿಟ್ಟೆ. ಎಂಟು ದಿನಗಳೊಳಗೆ ಆ ಟೈರು ಕವಿತಾಳದ ದಾರಿಯಲ್ಲಿ ಒಡೆದು, ತಾಯಿಯವರು ಬಿದ್ದು ಮುಂಗೈಯ ಎಲುಬು ಮುರಿಯಿತು. ಆ ಮೇಲೆ ನಾನು ಕಲಿತುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಹಿಂದಿನ ಗಾಲಿಯ ಕೆಲಸ

ಗಾಳಿ ತುಂಬಿದ ಟೈರು ಹಳೆಯ ಕಲ್ಪನೆ. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವನು 1845ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದನು. ಅದು ಬಳಕೆಗೆ ಬಾರದೆ ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದನು. ಅಂದಿನಿಂದ ಇಂದಿನವರೆಗೆ ತತ್ತ್ವವೊಂದೇ: ಭಾರವನ್ನು ಹೊರುವುದು ರಬ್ಬರಲ್ಲ, ಅದರೊಳಗಿನ ಗಾಳಿ. ಟೈರು ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವ ಪಾತ್ರೆ.

ಮೋಟಾರ್ ಸೈಕಲ್ಲಿನ ಎರಡು ಗಾಲಿಗಳಿಗೆ ಬೇರೆ ಬೇರೆ ಕೆಲಸಗಳಿವೆ. ಮುಂದಿನದು ದಾರಿ ತೋರಿಸುವುದು. ಬ್ರೇಕು ಹಿಡಿದಾಗ ಹೆಚ್ಚಿನ ಒತ್ತಡ ಅದರ ಮೇಲೆ. ಹಿಂದಿನದು ಎಂಜಿನ್ನಿನ ಶಕ್ತಿಯನ್ನು ಚೈನಿನ ಮೂಲಕ ಪಡೆದು ಗಾಡಿಯನ್ನು ನೂಕುವುದು. ಹಿಂದೆ ಕುಳಿತವರ ಭಾರವನ್ನೂ ಕ್ಯಾರಿಯರಿನ ಗಂಟನ್ನೂ ಹೊರುವುದು. ಆದುದರಿಂದಲೇ ಹಿಂದಿನ ಟೈರು ಸಾಮಾನ್ಯವಾಗಿ ಮುಂದಿನದಕ್ಕಿಂತ ಬೇಗ ಸವೆಯುವುದು. ಮನೆತನದಲ್ಲಿ ಹಿರಿಯ ಮಗನಿದ್ದಂತೆ ಅದು. ಎಲ್ಲರ ಭಾರವೂ ಅದರ ಮೇಲೆ, ನೋಡುವವರ ಕಣ್ಣು ಮಾತ್ರ ಮುಂದಿನದರ ಮೇಲೆ.

ಬರಹದ ಅರ್ಥ

ಟೈರಿನ ಮಗ್ಗುಲಲ್ಲಿ ಎರಡು ಬಗೆಯ ಅಳತೆಗಳು ಕಾಣುತ್ತವೆ. ನಮ್ಮ ಗಾಡಿಯ ಮೂಲ ಟೈರಿನ ಮೇಲೆ 2.75-18 ಎಂದಿತ್ತು. ಅಂದರೆ ಟೈರಿನ ಅಗಲ ಸುಮಾರು 2.75 ಅಂಗುಲ, ರಿಮ್ಮಿನ ವ್ಯಾಸ 18 ಅಂಗುಲ. ಇದು ಹಳೆಯ ಪದ್ಧತಿ. ಹೊಸ ಪದ್ಧತಿಯಲ್ಲಿ 100/90-17 ಎಂದು ಬರೆಯುವರು. ಇದರಲ್ಲಿ 100 ಎಂಬುದು ಮಿಲಿಮೀಟರುಗಳಲ್ಲಿ ಅಗಲ. 90 ಎಂದರೆ ಮಗ್ಗುಲಿನ ಎತ್ತರವು ಆ ಅಗಲದ ನೂರಕ್ಕೆ 90 ಪಾಲು. 17 ಎಂಬುದು ರಿಮ್ಮಿನ ವ್ಯಾಸ ಅಂಗುಲಗಳಲ್ಲಿ. ಒಂದು ಅಂಗುಲವೆಂದರೆ 25.4 ಮಿ.ಮೀ. ಇಷ್ಟು ತಿಳಿದರೆ ಗಾಲಿಯ ಒಟ್ಟು ಎತ್ತರವನ್ನು ಯಾರೂ ಲೆಕ್ಕ ಹಾಕಬಹುದು. 17 ಅಂಗುಲವೆಂದರೆ ಸುಮಾರು 432 ಮಿ.ಮೀ.; ಮೇಲೆ 90, ಕೆಳಗೆ 90 ಸೇರಿಸಿದರೆ 612 ಮಿ.ಮೀ.

ನಮ್ಮ ಮೂಲ ಟೈರಿನ ಎತ್ತರವೂ ಹೆಚ್ಚು ಕಡಿಮೆ ಇಷ್ಟೇ. ಆದುದರಿಂದ ಅಂಗಡಿಯವನು "ಎತ್ತರ ಸರಿ ಹೋಗ್ತದ" ಎಂದುದು ಸುಳ್ಳಲ್ಲ. ತಪ್ಪಿದುದು ಅಗಲದಲ್ಲಿ. ಹಳೆಯ ಟೈರು ಸುಮಾರು 70ರಿಂದ 75 ಮಿ.ಮೀ. ಅಗಲವಿದ್ದರೆ ಹೊಸದು 100 ಮಿ.ಮೀ. ಪ್ರತಿಯೊಂದು ಮಗ್ಗುಲಿಗೂ ಒಂದು ಬೆರಳಿನಷ್ಟು ಹೆಚ್ಚಾಯಿತು. ಗಾಲಿಯನ್ನು ಇಬ್ಬದಿಯಲ್ಲಿ ಹಿಡಿದಿರುವ ಕವಲಿಗೆ, ಅಂದರೆ ಸ್ವಿಂಗ್ ಆರ್ಮಿಗೆ, ಮತ್ತು ಚೈನ್ ಕವರಿಗೆ ಅಷ್ಟು ಜಾಗವಿರಲಿಲ್ಲ. ಖಾಲಿ ಗಾಡಿಯನ್ನು ಅಂಗಡಿಯ ಮುಂದೆ ತಿರುಗಿಸಿ ನೋಡಿದಾಗ ಗಾಲಿ ಮುಟ್ಟಲಿಲ್ಲ. ಭಾರ ಹೇರಿದಾಗ ಟೈರಿನ ಮಗ್ಗುಲು ಉಬ್ಬಿ ಚೈನ್ ಕವರಿಗೆ ತಾಗತೊಡಗಿತು. ದಿನವೂ ಸ್ವಲ್ಪ ಸ್ವಲ್ಪ ಸವೆದು, ಕೊನೆಗೆ ಒಳಗಿನ ದಾರಗಳು ಹೊರಬಂದು ಟೈರು ಒಡೆಯಿತು.

ಗಾಲಿ ಬದಲಿಸುವಾಗ ನೋಡಬೇಕಾದುದು

ಗಾಲಿಗಳ ಅಳತೆ ಕಂಪನಿಯಿಂದ ಕಂಪನಿಗೆ ಮಾತ್ರವಲ್ಲ, ಒಂದೇ ಕಾರ್ಖಾನೆಯಲ್ಲಿಯೂ ಬದಲಾಗುವುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಹಳೆಯ ಜಾವಾ ಗಾಡಿಗೆ 16 ಅಂಗುಲದ ಗಾಲಿಗಳಿದ್ದರೆ, ಅಲ್ಲಿಯದೇ ಯೆಜ್ದಿ ರೋಡ್‌ಕಿಂಗ್ ಗಾಡಿಗೆ 18 ಅಂಗುಲದವು. ಬಜಾಜ್ ಪಲ್ಸರ್ 2001ರಲ್ಲಿ 18 ಅಂಗುಲದ ಕಡ್ಡಿ ಗಾಲಿಗಳೊಡನೆ ಬಂದು, ಮುಂದೆ 17 ಅಂಗುಲದ ಅಲಾಯ್ ಗಾಲಿಗಳನ್ನು ಪಡೆಯಿತು. ಆದರೆ ಕಾರ್ಖಾನೆಯವರು ಗಾಲಿಯನ್ನು ಬದಲಿಸಿದಾಗ ಉಳಿದುದನ್ನೂ ಅದಕ್ಕೆ ಹೊಂದಿಸುವರು. ನಾವು ಗಾಲಿಯೊಂದನ್ನೇ ತಂದು ಸಿಕ್ಕಿಸುವೆವು.

ಆದುದರಿಂದ ಟೈರಿಗಿಂತ ಮೊದಲು ಗಾಲಿಯನ್ನೇ ಪರೀಕ್ಷಿಸಬೇಕು. ಅಕ್ಸಲಿನ ದಪ್ಪ, ಹಬ್ಬಿನ ಅಗಲ, ಬ್ರೇಕಿನ ಡ್ರಮ್ಮು ಇವು ನಮ್ಮ ಗಾಡಿಗೆ ಹೊಂದಬೇಕು. ಹಿಂದಿನ ಚೈನ್ ಚಕ್ರವು ಮುಂದಿನ ಚೈನ್ ಚಕ್ರದ ನೇರಕ್ಕೆ ನಿಲ್ಲಬೇಕು. ವಾಷರುಗಳನ್ನು ತುರುಕಿ ನಡುವಿನ ಸಂದನ್ನು ತುಂಬಿದರೆ ಚೈನು ಓರೆಯಾಗಿ ಎಳೆದು, ಚಕ್ರದ ಹಲ್ಲುಗಳನ್ನು ತಿಂದುಹಾಕುವುದು.

ಎರಡನೆಯದಾಗಿ ರಿಮ್ಮಿನ ಅಗಲ. ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ಮೆಂದು ತಯಾರಕರ ಪಟ್ಟಿಯಲ್ಲಿರುವುದು. ನಮ್ಮಂಥ ಗಾಡಿಯ ಕಡ್ಡಿ ಗಾಲಿಯ ರಿಮ್ಮು ಸಾಮಾನ್ಯವಾಗಿ 1.60 ಅಂಗುಲ ಅಗಲ. 100/90 ಅಳತೆಯ ಟೈರು ಎರಡು ಅಂಗುಲಕ್ಕೂ ಮೀರಿದ ರಿಮ್ಮನ್ನು ಬಯಸುವುದು. ಕಿರಿದಾದ ರಿಮ್ಮಿಗೆ ದಪ್ಪ ಟೈರು ಹಾಕಿದರೆ ಅದರ ಅಂಚುಗಳು ಹಿಚುಕಿಕೊಂಡು ನೆತ್ತಿ ದುಂಡಗಾಗುವುದು. ನೆಲಕ್ಕೆ ತಾಗುವ ಭಾಗ ನಾವೆಣಿಸಿದಷ್ಟು ಹೆಚ್ಚದು, ತಿರುವಿನಲ್ಲಿ ಗಾಡಿ ತೂಗಾಡುವುದು. ದಪ್ಪವಾದಷ್ಟೂ ಹಿಡಿತ ಹೆಚ್ಚೆಂಬ ನಮ್ಮ ಗೆಳೆಯರ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಕಾನೂನಿನ ಮಾತೂ ಒಂದಿದೆ. ವಾಹನದ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟುದಕ್ಕಿಂತ ಬೇರೆಯಾಗುವಂತೆ ಅದನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮು ಹೇಳುವುದು. ಮೂಲ ಅಳತೆಗೆ ಹತ್ತಿರವಿರುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಭಾರದ ಲೆಕ್ಕ

ಅಳತೆಯ ಮುಂದೆ 48ಪಿ, 54ಪಿ ಎಂಬಂತೆ ಒಂದು ಅಂಕಿ, ಒಂದು ಇಂಗ್ಲಿಷ್ ಅಕ್ಷರ ಇರುತ್ತವೆ. ಅಕ್ಷರವು ವೇಗದ ಮಿತಿ. ಪಿ ಎಂದರೆ ಗಂಟೆಗೆ 150 ಕಿ.ಮೀ. ನಮ್ಮ ರಸ್ತೆಗಳಲ್ಲಿ ಅದರ ಅವಶ್ಯಕತೆ ಎಂದೂ ಬಾರದು. ಮುಖ್ಯವಾದುದು ಅಂಕಿ. ಅದು ಕಿಲೋಗ್ರಾಂ ಅಲ್ಲ, ಭಾರದ ಸಂಕೇತ. 42 ಎಂದರೆ 150 ಕಿಲೋ, 48 ಎಂದರೆ 180, 52 ಎಂದರೆ 200, 54 ಎಂದರೆ 212. ಸರಿಯಾದ ಗಾಳಿಯಿದ್ದಾಗ ಆ ಒಂದು ಟೈರು ಹೊರಬಲ್ಲ ಹೆಚ್ಚಿನ ಭಾರವಿದು.

ನಾನು ಕಾಗದದ ಮೇಲೆ ನಮ್ಮ ಮನೆಯ ಲೆಕ್ಕ ಹಾಕಿದೆ. ಗಾಡಿಯ ತೂಕದಲ್ಲಿ ಹಿಂದಿನ ಪಾಲು 58 ಕಿಲೋ ಎಂದು ಹಿಡಿಯೋಣ. ತಂದೆಯವರ 65 ಕಿಲೋದಲ್ಲಿ ಮೂರರಲ್ಲಿ ಎರಡು ಪಾಲು ಹಿಂದಕ್ಕೆ ಬೀಳುವುದೆಂದರೆ 43. ತಾಯಿಯವರು ಬಹುಮಟ್ಟಿಗೆ ಹಿಂದಿನ ಗಾಲಿಯ ನೆತ್ತಿಯ ಮೇಲೆಯೇ ಕೂಡುವರು; ಅವರದು 50. ಪಾತ್ರೆಯ ಗಂಟು 40. ಒಟ್ಟು 191 ಕಿಲೋ! ನಮ್ಮ ಮೂಲ ಟೈರಿನ ಮೇಲೆ ಇದ್ದುದು 48, ಅಂದರೆ 180. ವರ್ಷಗಟ್ಟಲೆ ನಾವು ಮಿತಿ ಮೀರಿಯೇ ಓಡಿಸುತ್ತಿದ್ದೆವು. ರಿಮ್ಮು ಸೊಟ್ಟಾದುದಕ್ಕೆ ಗುಂಡಿಯೊಂದೇ ಹೊಣೆಯಲ್ಲ. ಹೆಚ್ಚಿನ ಅಂಕಿಯ ಟೈರು ಹಾಕಿದರಾಯಿತೆಂದು ಕೆಲವರು ಹೇಳಬಹುದು. ಟೈರು ತಡೆದೀತು, ಕಡ್ಡಿ, ಅಕ್ಸಲ್, ಬ್ರೇಕುಗಳೂ ತಡೆಯಬೇಕಲ್ಲ! ಟೈರನ್ನು ಬದಲಿಸುವುದರ ಜೊತೆಗೆ ಗಂಟನ್ನೂ ಹಗುರ ಮಾಡಬೇಕು.

ಟ್ಯೂಬು ಇರಬೇಕೋ ಬೇಡವೋ

ನಮ್ಮ ಜಿಲ್ಲೆಯ ಸವಾರನಿಗೆ ಇದು ದೊಡ್ಡ ಪ್ರಶ್ನೆ. ಕಾರಣ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಗಿಡ ಇಂದು ನಮ್ಮ ಕಾಲುವೆ ದಂಡೆ, ಹಳ್ಳದ ದಡ, ಬೀಳು ಹೊಲಗಳನ್ನೆಲ್ಲ ಆವರಿಸಿದೆ. ಅದರ ಮುಳ್ಳು ಚಪ್ಪಲಿಯನ್ನೂ ಬಿಡದು, ಟೈರನ್ನೂ ಬಿಡದು. ಟ್ಯೂಬಿಗೆ ಮುಳ್ಳು ಚುಚ್ಚಿದರೆ ಗಾಳಿ ಬೇಗನೆ ಹೊರಬೀಳುವುದು. ಹಿಂದಿನ ಗಾಲಿಯಾದರೆ ಗಾಡಿಯ ಬೆನ್ನೇ ತೂರಾಡುವುದು. ಟ್ಯೂಬಿಲ್ಲದ ಟೈರಿನಲ್ಲಿ ಮುಳ್ಳು ನೆಟ್ಟಿದ್ದರೂ ಗಾಳಿ ಮೆಲ್ಲಗೆ ಇಳಿಯುವುದು. ಊರು ಮುಟ್ಟಲು ಅವಕಾಶ ಸಿಕ್ಕುವುದು.

ಆದರೆ ಅದಕ್ಕೆ ತಕ್ಕ ರಿಮ್ಮು ಬೇಕು. ಕಡ್ಡಿ ಗಾಲಿಯಲ್ಲಿ ಕಡ್ಡಿಗಳಿಗೆಂದು ರಿಮ್ಮಿನಲ್ಲಿ ತೂತುಗಳಿರುವುದರಿಂದ ಗಾಳಿ ನಿಲ್ಲದು. ಸಾಮಾನ್ಯವಾಗಿ ಅಲ್ಲಿ ಟ್ಯೂಬು ಬೇಕೇ ಬೇಕು. ಅಲಾಯ್ ಗಾಲಿಗಳೆಲ್ಲವೂ ಟ್ಯೂಬಿಲ್ಲದ ಟೈರಿಗೆ ಯೋಗ್ಯವೆಂದು ತಿಳಿಯುವುದೂ ತಪ್ಪು. ಟೈರಿನ ಅಂಚು ಜಾರದಂತೆ ಹಿಡಿಯುವ ಉಬ್ಬು ರಿಮ್ಮಿನ ಒಳಬದಿಗೆ ಇರಬೇಕು. ಟ್ಯೂಬ್‌ಲೆಸ್ ಎಂಬ ಬರಹ ಟೈರಿನ ಮೇಲೂ ರಿಮ್ಮಿನ ಮೇಲೂ ಇದ್ದರೆ ಮಾತ್ರ ಟ್ಯೂಬನ್ನು ಬಿಡಬಹುದು.

ಮಣ್ಣು ಮತ್ತು ಬಿಸಿಲು

ಹಸಿಯಾದ ಎರೆಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನಲ್ಲಿ ತುಂಬಿ, ಗಾಲಿಯನ್ನೇ ಕಟ್ಟಿಹಾಕುವುದನ್ನು ನಾವೆಲ್ಲ ಕಂಡಿದ್ದೇವೆ. ಬಿಡಿ ಬಿಡಿ ಗುಪ್ಪೆಗಳಿರುವ ಟೈರಿನ ಸಂದುಗಳು ಅಗಲವಾಗಿರುವುದರಿಂದ ಮಣ್ಣು ಸ್ವಲ್ಪ ಬೇಗ ಉದುರುವುದು. ಹೊಲದ ದಾರಿಗೆ ಅದು ಮೇಲು. ದಿನವೂ ಡಾಂಬರು ರಸ್ತೆಯಲ್ಲಿಯೇ ಓಡುವವನಿಗೆ ಅದು ಬೇಗ ಸವೆಯುವುದು, ಸದ್ದನ್ನೂ ಮಾಡುವುದು. ಅವನಿಗೆ ನಡುವೆ ಸಾಲು ಕೂಡಿಕೊಂಡಿರುವ ಅಚ್ಚು ಸಾಕು. ಯಾವುದೇ ಆಗಲಿ, ಮಗ್ಗುಲಲ್ಲಿ ಬಾಣದ ಗುರುತಿದ್ದರೆ ಗಾಲಿ ತಿರುಗುವ ದಿಕ್ಕಿಗೇ ಕೂಡ್ರಿಸಬೇಕು.

ನಮ್ಮ ಬೇಸಿಗೆಯಲ್ಲಿ ಬಿಸಿಲು ನೆರಳಿನಲ್ಲಿಯೇ 40 ಡಿಗ್ರಿ ದಾಟುವುದು. ಟೈರು ಒಡೆದೀತೆಂದು ಹೆದರಿ ಕೆಲವರು ಗಾಳಿಯನ್ನು ಇಳಿಸುವರು. ಇದು ವಿಪರೀತ ಬುದ್ಧಿ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗುವುದು. ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುವುದು. ಆ ಬಿಸಿಯೇ ಅದನ್ನು ಕೊಲ್ಲುವುದು. ಕೈಪಿಡಿಯಲ್ಲಿ ಒಬ್ಬ ಸವಾರನಿಗೆ ಇಷ್ಟು, ಇಬ್ಬರಿದ್ದರೆ ಇಷ್ಟು ಪೌಂಡ್ ಎಂದು ಬೇರೆ ಬೇರೆ ಬರೆದಿರುವುದು. ಬೆಳಿಗ್ಗೆ ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ಅಷ್ಟು ಗಾಳಿ ಹಿಡಿಸಬೇಕು.

ಕೊಳ್ಳುವಾಗ ವಯಸ್ಸನ್ನೂ ನೋಡಬೇಕು. ಮಗ್ಗುಲಲ್ಲಿ ನಾಲ್ಕು ಅಂಕಿಗಳ ಗುರುತಿರುವುದು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2223 ಎಂದಿದ್ದರೆ 2023ರ 22ನೆಯ ವಾರದಲ್ಲಿ ತಯಾರಾದುದು. ಅಂಗಡಿಯ ಮುಂದೆ ವರ್ಷಗಟ್ಟಲೆ ಬಿಸಿಲಿಗೆ ತೂಗುಬಿದ್ದ ಟೈರು ಹೊಳೆಯುತ್ತಿದ್ದರೂ ಹೊಸದಲ್ಲ. ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳ ನೇರಕ್ಕೆ ಅಚ್ಚಿನ ಸಂದಿನಲ್ಲಿ ಚಿಕ್ಕ ದಿಣ್ಣೆಯಿರುವುದು; ಟೈರು ಸವೆದು ಆ ದಿಣ್ಣೆಗೆ ಸಮನಾದರೆ ಅದರ ಆಯುಷ್ಯ ತೀರಿತು.

ಕೊನೆಯ ಮಾತು

ನಾವು ಮಾಡಿದುದನ್ನು ಹೇಳಿ ಮುಗಿಸುವೆನು. ಅಲಾಯ್ ಗಾಲಿಯನ್ನು ಬಿಚ್ಚಿಸಿ, ಹಳೆಯ ಹಬ್ಬಿಗೇ ಹೊಸ ಉಕ್ಕಿನ ರಿಮ್ಮು, ಹೊಸ ಕಡ್ಡಿಗಳನ್ನು ಕಟ್ಟಿಸಿದೆವು. ಟೈರು 80/100-18, 54ಪಿ. ಒಳಗೆ ಹೊಸ ಟ್ಯೂಬು. ಅಗಲ ಹೆಚ್ಚಿದುದು ಸ್ವಲ್ಪವೇ; ಗಂಟು ಹೇರಿ, ಇಬ್ಬರು ಕುಳಿತು, ಚೈನ್ ಕವರಿನ ಸಂದಿನಲ್ಲಿ ನನ್ನ ಕಿರುಬೆರಳು ಆಡುವುದೆಂದು ನೋಡಿದ ಮೇಲೆಯೇ ಗಾಡಿ ಹೊರಟಿತು. ಗಂಟನ್ನು 25 ಕಿಲೋಕ್ಕೆ ಇಳಿಸಿದೆವು. ಈಗ ದೂರದ ಸಂತೆಗೆ ಎರಡು ಸಲ ಹೋಗಬೇಕಾಗುವುದು. ತಂದೆಯವರು ಗೊಣಗುವರು, ಆದರೆ ಹಾಗೆಯೇ ಮಾಡುವರು.

ತಾಯಿಯವರ ಕೈ ಕೂಡಿದೆ. ಆದರೂ ತುಂಬಿದ ಕೊಡವನ್ನು ಆ ಕೈಯಿಂದ ಎತ್ತಲಾರರು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಮ್ಮಲ್ಲಿ ಅನೇಕರು ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಬ್ಯಾಂಕಿನ ಕಾಗದ, ಔಷಧಿಯ ಚೀಟಿ, ಬೀಜದ ಚೀಲ, ಟೈರಿನ ಮಗ್ಗುಲು, ಯಾವುದಾದರೂ ಸರಿ, ಮನೆಯವರು ನಮ್ಮ ಕೈಗೆ ಕೊಟ್ಟು "ಓದಿ ನೋಡಪಾ" ಎನ್ನುವರು. ತಿಳಿದರೆ ಹೇಳೋಣ. ತಿಳಿಯದಿದ್ದರೆ "ಗೊತ್ತಿಲ್ಲ, ಕೇಳಿಕೊಂಡು ಬರ್ತೀನಿ" ಎಂದು ಹೇಳಲು ನಾಚದಿರೋಣ. ಸಹಪಾಠಿಗಳು ಈ ದಿನ ಮನೆಗೆ ಹೊರಡುವ ಮೊದಲು ತಮ್ಮ ಗಾಡಿಯ ಹಿಂದಿನ ಟೈರಿನ ಮೇಲಿನ ಬರಹವನ್ನು ಒಮ್ಮೆ ಬಗ್ಗಿ ಓದಿದರೆ, ಈ ಲೇಖನವನ್ನು ಬರೆದ ಶ್ರಮ ಸಾರ್ಥಕವಾಯಿತೆಂದು ತಿಳಿಯುವೆನು.