ರಾತ್ರಿ ಪಾಳಿ ಕರೆಂಟು, ಕೆಟ್ಟ ನಿದ್ದೆ

ನಾಗಮಂಗಲ, ಕೆ.ಆರ್. ಪೇಟೆ ಕಡೆ ಬೋರ್‌ವೆಲ್ ನಂಬಿದವರಿಗೆ ತ್ರೀ ಫೇಸ್ ಕರೆಂಟಿನ ರಾತ್ರಿ ಪಾಳಿ ಹೊಸದಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ರಾತ್ರಿ ನೀರು ಕಟ್ಟೋರು, ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸೋರು ಇದ್ದಾರೆ. 'ಮೈ ದಣಿದಿದೆ, ಆದ್ರೂ ನಿದ್ದೆ ಹತ್ತಲ್ಲ, ಸುಮ್‌ಸುಮ್ನೆ ಸಿಟ್ಟು ಬರುತ್ತೆ' ಎಂಬ ಮಾತನ್ನು ನಾನೂ ಆಡಿದ್ದೇನೆ. ಹೊತ್ತಲ್ಲದ ಹೊತ್ತಿನ ದುಡಿಮೆಯ ಜೊತೆಗೆ, ಕಣ್ಣಿಗೆ ಬೀಳುವ ಬೆಳಕಿಗೂ ಇದರಲ್ಲಿ ಪಾಲಿದೆ.

ಕಣ್ಣಿಗೆ ಎರಡು ಕೆಲಸ

ಕಣ್ಣಿರೋದು ನೋಡೋಕೆ ಮಾತ್ರವಲ್ಲ. ಅಕ್ಷಿಪಟಲದಲ್ಲಿ ಬೆಳಕು ಅಳೆಯುವ ಬೇರೆಯೇ ಕೋಶಗಳಿವೆ ಎಂದು 2002ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಈಗ ಹಗಲೋ ರಾತ್ರಿಯೋ ಎಂದು ಮೆದುಳಿನ ಗಡಿಯಾರಕ್ಕೆ ತಿಳಿಸುವುದು ಇವೇ. ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕು ಇವನ್ನು ಬೇಗ ಎಚ್ಚರಿಸುತ್ತದೆ. ಕತ್ತಲಾದ ಮೇಲೆ ಮೈಯಲ್ಲಿ ಮೆಲಟೋನಿನ್ ಎಂಬ ರಸ ಏರಬೇಕು. ಬೆಳಕು ಬಿದ್ದರೆ ಅದು ತಗ್ಗಿ, ನಿದ್ದೆ ಮುಂದಕ್ಕೆ ಹೋಗುತ್ತದೆ. ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ.

ಸೇವಂತಿಗೆಗೆ ರಾತ್ರಿ ಬಲ್ಬು ಹಾಕಿ ಹೂವನ್ನು ಮುಂದೂಡುವುದು, ಮೊಟ್ಟೆ ಕೋಳಿಗೆ ದಿನಕ್ಕೆ 16 ಗಂಟೆ ಬೆಳಕು ಕೊಡುವುದು ರೈತರಿಗೆ ಗೊತ್ತು. ನಮ್ಮ ಮೈಯೂ ಅಷ್ಟೇ.

ಏನು ಮಾಡಬಹುದು?

* ನಿದ್ದೆ ಕೆಡುತ್ತದೆಂದು ಟಾರ್ಚ್ ಆರಿಸಿ ಬದುವಿನ ಮೇಲೆ ನಡೆಯಬೇಡಿ. ನಾಗರಹಾವು, ಕೊಳಕುಮಂಡಲ ಇರೋ ಜಾಗ. ಬೆಳಕು ನೆಲಕ್ಕೆ ಬೀಳಲಿ, ಕಣ್ಣಿಗೆ ಬೇಡ.
* ಮೋಟರು ಮನೆಯಲ್ಲಿ ಬಿಳಿ ಎಲ್‌ಇಡಿ ಬದಲು ಸಣ್ಣ ಹಳದಿ ಬಲ್ಬು ಹಾಕಿ. ಕಾಯುವ ಹೊತ್ತಲ್ಲಿ ಮೊಬೈಲ್ ನೋಡಬೇಡಿ.
* ಬೆಳಗ್ಗೆ ಮಲಗುವುದಾದರೆ ಕಿಟಕಿಗೆ ಗೋಣಿಚೀಲ ಕಟ್ಟಿ.
* ಎದ್ದ ಮೇಲೆ ಹೊರಗೆ ಬನ್ನಿ. ಮನೆಯೊಳಗೆ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ನಡುಹಗಲ ಬಿಸಿಲಲ್ಲಿ ಸುಮಾರು ಒಂದು ಲಕ್ಷ ಲಕ್ಸ್. ಮರದ ನೆರಳೂ ಸಾಕು. ಸೂರ್ಯನನ್ನು ನೇರವಾಗಿ ನೋಡಬಾರದು.
* ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ ಡಾಕ್ಟರಿಗೆ ತೋರಿಸಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ.

ಹಗಲು ಕರೆಂಟೇ ಮದ್ದು

ಬಲ್ಬು ಬದಲಿಸೋದು ಅರ್ಧ ಮದ್ದು ಮಾತ್ರ. ನೀರು ಕಟ್ಟಲು ಹಗಲಲ್ಲೇ ತ್ರೀ ಫೇಸ್ ಸಿಗಬೇಕು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಗೆ, ಪಂಪ್‌ಸೆಟ್ಟಿನ ಫೀಡರನ್ನೇ ಸೌರ ವಿದ್ಯುತ್ತಿಗೆ ಜೋಡಿಸುವ ಭಾಗ 2020ರಲ್ಲಿ ಸೇರಿತು. ಸೌರ ವಿದ್ಯುತ್ ಬರುವುದೇ ಹಗಲಲ್ಲಿ. ಗ್ರಾಮಸಭೆಯಲ್ಲಿ ಹಗಲು ಕರೆಂಟು ಕೇಳುವಾಗ ಬೆಳೆಯ ಮಾತು, ಹಾವಿನ ಮಾತು ಹೇಗೂ ಬರುತ್ತೆ. ನಿದ್ದೆಯ ಮಾತನ್ನೂ ಸೇರಿಸಿ.