ತಮ್ಮನ ಹೊಟ್ಟೆಯೊಳಗಿನ ಜೋಡಿ ಬಾಗಿಲು

ಜಾತ್ರೆಯಿಂದ ಬಂದ ರಾತ್ರಿಯೇ ನನ್ನ ತಮ್ಮನಿಗೆ ವಾಂತಿಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಕಣ್ಣು ಗುಳಿಬಿದ್ದು, ಅತ್ತರೂ ಕಣ್ಣೀರು ಬರಲಿಲ್ಲ. ಅವ್ವ ನೀರು ಕುಡಿಸಲು ಹೋದರೆ ಅಜ್ಜಿ ಬಿಡಲಿಲ್ಲ. "ಕೊಡ್ಬ್ಯಾಡ ಕಣವ್ವ, ಕುಡ್ದಷ್ಟೂ ಹೋಯ್ತದೆ." ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಅಕ್ಕ ಬಂದು ಓ.ಆರ್.ಎಸ್. ಪೊಟ್ಟಣ ಕೊಟ್ಟರು. ಒಂದು ಲೀಟರ್ ನೀರಲ್ಲಿ ಕರಗಿಸಿ ಚಮಚ ಚಮಚ ಕುಡಿಸಿದೆವು. ಸಂಜೆಗೆ ತಮ್ಮ ಉಚ್ಚೆ ಹೊಯ್ದ. ಆಗ ಅವ್ವನಿಗೆ ಜೀವ ಬಂತು.

ಉಪ್ಪು-ಸಕ್ಕರೆ ನೀರಲ್ಲಿ ಅಂಥಾದ್ದೇನಿದೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ತಿಳಿದದ್ದನ್ನು ಬರೆದಿದ್ದೇನೆ.

ನಾವು ದಿನಕ್ಕೆ ಎರಡು ಲೀಟರ್ ಕುಡಿದರೆ ಕರುಳಿಗೆ ಬೀಳೋದು ಎಂಟೊಂಬತ್ತು ಲೀಟರ್! ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸ ಇತ್ಯಾದಿ, ಎಲ್ಲಾ ನಮ್ಮ ಮೈಯದ್ದೇ. ಬಹುಪಾಲನ್ನು ಸಣ್ಣ ಕರುಳು, ಮಿಕ್ಕಿದ್ದನ್ನು ದೊಡ್ಡ ಕರುಳು ವಾಪಸ್ ಹೀರುತ್ತದೆ. ಮಲದಲ್ಲಿ ಹೋಗುವುದು ಒಂದು ಲೋಟದಷ್ಟು ಮಾತ್ರ.

ಆದರೆ ನೀರೆಳೆಯುವ ಪಂಪು ಕರುಳಿಗಿಲ್ಲ. ಸೋಡಿಯಂ ಅಯಾನು ಒಳಗೆ ಹೋದರೆ ನೀರು ಅದರ ಹಿಂದೆ ಹೋಗುತ್ತದೆ. ನಾವು ಓದಿದ ಅಭಿಸರಣೆಯೇ ಇದು. ಕರುಳಿನ ಜೀವಕೋಶಗಳಲ್ಲಿ ಸೋಡಿಯಂಗೆ ಹಲವು ಬಾಗಿಲುಗಳಿವೆ. ಒಂದರ ನಿಯಮ ವಿಚಿತ್ರ: ಎರಡು ಸೋಡಿಯಂ ಜೊತೆ ಒಂದು ಗ್ಲೂಕೋಸ್ ಇದ್ದರೇ ಬಿಡೋದು. ಹೀಗೆ ಜೋಡಿಯಾಗಿ ಹೋಗುತ್ತವೆ ಎಂದು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಹೇಳಿದರು. ಕಾಲರಾ ಬಂದಾಗ ರೋಗಾಣುವಿನ ವಿಷ ಕ್ಲೋರೈಡ್ ಅಯಾನುಗಳನ್ನು ಕರುಳಿಗೆ ಸುರಿಸುತ್ತದೆ, ಹಿಂದೆಯೇ ನೀರೂ ಸುರಿಯುತ್ತದೆ. ಆಗಲೂ ಈ ಜೋಡಿ ಬಾಗಿಲು ಮಾತ್ರ ಕೆಲಸ ನಿಲ್ಲಿಸೋದಿಲ್ಲ!

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಬಂದು, ರಕ್ತನಾಳಕ್ಕೆ ಹಾಕುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡ ಬೆರೆಸಿದ ನೀರನ್ನೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಓ.ಆರ್.ಎಸ್. ಕುಡಿದ ಕೂಡಲೇ ಭೇದಿ ನಿಲ್ಲುವುದಿಲ್ಲ, ಹೋದ ನೀರು ಮೈಗೆ ವಾಪಸ್ ಬರುತ್ತೆ ಅಷ್ಟೆ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಗೀರಿದ ಅಳತೆ. ರುಚಿಗೆಂದು ಸಕ್ಕರೆ ಜಾಸ್ತಿ ಹಾಕಿದರೆ ಅದೇ ನೀರನ್ನು ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಮಗು ಮಂಕಾದರೆ, ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಉಪ್ಪು ಹಾಕಿದ ಅಕ್ಕಿ ಗಂಜಿ ತಿಳಿಯೂ ಒಳ್ಳೇದು, ಅದರ ಪಿಷ್ಟ ಕರುಳಲ್ಲಿ ಗ್ಲೂಕೋಸ್ ಆಗುತ್ತೆ. ಇದನ್ನು ಓದಿ ಹೇಳಿದೆ. "ಹಂಗಾರೆ ಗಂಜಿ ನಾನೇ ಕಾಯಿಸ್ತೀನಿ" ಅಂತ ಅಜ್ಜಿ ಎದ್ದೇಬಿಟ್ಟಳು.