ಚಿರತೆ ಹಲ್ಲಿಗೊಂದು ಮನೆ

ನಮ್ಮ ಗೋಡೆಯ ಹಲ್ಲಿ ಕಣ್ಣು ಮಿಟುಕಿಸುವುದಿಲ್ಲ. ಅದಕ್ಕೆ ತೆರೆದು ಮುಚ್ಚುವ ರೆಪ್ಪೆಯೇ ಇಲ್ಲ. ಕಣ್ಣಿಗೆ ದೂಳು ಬಿದ್ದರೆ ನಾಲಿಗೆ ಚಾಚಿ ಒರೆಸಿಕೊಳ್ಳುತ್ತದೆ. ಚಿರತೆ ಹಲ್ಲಿ, ಅಂದರೆ ಲೆಪರ್ಡ್ ಗೆಕ್ಕೊ, ಅದೇ ಬಳಗದ್ದಾದರೂ ರೆಪ್ಪೆ ಮುಚ್ಚಿ ನಿದ್ದೆ ಮಾಡುತ್ತದೆ. ಅದರ ಬೆರಳುಗಳಡಿ ಗೋಡೆಗೆ ಅಂಟುವ ಮೆತ್ತೆಗಳಿಲ್ಲ, ಬರೀ ಉಗುರುಗಳಿವೆ. ಹಾಗಾಗಿ ಅದು ಗೋಡೆಯ ಜೀವಿಯಲ್ಲ, ನೆಲದ ಜೀವಿ. ಅದಕ್ಕೆ ಮನೆ ಕಟ್ಟಲು ಹೊರಟವರು ಮೊದಲು ತಿಳಿಯಬೇಕಾದದ್ದು ಇದು.

ಅದರ ತವರು ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುಗುಡ್ಡಗಳು. ಕಲ್ಕತ್ತೆಯಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ 1854ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟ. ಮರಿಯ ಮೈತುಂಬ ಅಗಲ ಪಟ್ಟೆಗಳು. ಬೆಳೆದಂತೆ ಪಟ್ಟೆಗಳು ಒಡೆದು ಹಳದಿ ಮೈಮೇಲೆ ಚಿರತೆಯಂಥ ಕಪ್ಪು ಚುಕ್ಕೆಗಳಾಗುತ್ತವೆ. ಅಮೆರಿಕ, ಯುರೋಪುಗಳಲ್ಲಿ ಹಲವು ದಶಕಗಳಿಂದ ಇದನ್ನು ಮನೆಗಳಲ್ಲೇ ಮರಿಮಾಡಿಸಿ ಸಾಕುತ್ತಿದ್ದಾರೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೂ ಮಕ್ಕಳ ಹಟದ ಬೆನ್ನಿಗೆ ಇದು ಬರುವುದುಂಟು. ಇದರ ಆಯಸ್ಸು 15ರಿಂದ 20 ವರ್ಷ. ಹಟ ಮಾಡಿ ತರಿಸಿಕೊಂಡ ಮಗು ಓದಲು ಊರು ಬಿಟ್ಟಾಗ ಹಲ್ಲಿ ಇನ್ನೂ ನಡುವಯಸ್ಸಿನಲ್ಲಿರುತ್ತದೆ. ಹೀಗೆ ದಿಕ್ಕಿಲ್ಲದಾದವು ಆಶ್ರಯ ಕೇಂದ್ರ ಸೇರಿ, ಅಲ್ಲಿಂದ ದತ್ತು ಹೋಗುತ್ತವೆ. ದತ್ತು ಪಡೆಯುವವರಿಗಾಗಿಯೇ ಈ ಅಧ್ಯಾಯ.

ತೊಟ್ಟಿಯೊಳಗೊಂದು ಗುಡ್ಡ

ಬೆಳೆದ ಹಲ್ಲಿ ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು 18ರಿಂದ 25 ಸೆಂ.ಮೀ. ಇರುತ್ತದೆ. ಅದಕ್ಕೆ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಗಾಜಿನ ತೊಟ್ಟಿ ಒಳ್ಳೆಯದು. ಎತ್ತರಕ್ಕಿಂತ ನೆಲದ ಹರವು ಮುಖ್ಯ. ಗಾಳಿಯಾಡುವ ಜಾಲರಿ ಮುಚ್ಚಳವಿರಲಿ.

ಹಲ್ಲಿಯ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳಲಾರದು. ಗುಡ್ಡದಲ್ಲಿ ಬಿಸಿಲಿಗೆ ಕಾದ ಬಂಡೆಯಡಿ ಮಲಗಿ ಮೈ ಕಾಯಿಸಿಕೊಳ್ಳುತ್ತದೆ, ಸಾಕೆನಿಸಿದಾಗ ತಂಪಿನ ಸಂದಿಗೆ ಸರಿಯುತ್ತದೆ. ತೊಟ್ಟಿಯಲ್ಲೂ ಈ ಓಡಾಟಕ್ಕೆ ಅನುಕೂಲವಿರಬೇಕು. ಒಂದು ತುದಿಯ ನೆಲ 30ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದರೆ, ಇನ್ನೊಂದು ತುದಿ 24ರ ಆಸುಪಾಸು ಇರಲಿ. ಬಿಸಿಗೆ ಮೇಲಿನಿಂದ ಹ್ಯಾಲೊಜನ್ ದೀಪ ಅಥವಾ ಕೆಳಗಿನಿಂದ ಬಿಸಿ ಹಾಸು ಬಳಸಬಹುದು. ಯಾವುದನ್ನು ಬಳಸಿದರೂ ಥರ್ಮೋಸ್ಟಾಟ್ ಕಡ್ಡಾಯ. ಅಂಗಡಿಯಲ್ಲಿ ಸಿಗುವ ವಿದ್ಯುತ್ ‘ಬಿಸಿಕಲ್ಲು’ ಮಾತ್ರ ಬೇಡವೇ ಬೇಡ, ಅದರ ಮೇಲೆ ಮಲಗಿದ ಹಲ್ಲಿಯ ಹೊಟ್ಟೆ ಸುಟ್ಟುಹೋಗುತ್ತದೆ.

ಅಡಗುತಾಣಗಳು ಮೂರಿರಲಿ: ಬಿಸಿ ತುದಿಯಲ್ಲೊಂದು, ತಂಪು ತುದಿಯಲ್ಲೊಂದು, ನಡುವೆ ಒದ್ದೆ ಪಾಚಿ ಅಥವಾ ಒದ್ದೆ ಪೇಪರ್ ಟವೆಲ್ ತುಂಬಿದ ತೇವದ ಗೂಡೊಂದು. ತೇವದ ಗೂಡಿನ ಬೆಲೆ ಪೊರೆ ಬಿಡುವ ದಿನ ಗೊತ್ತಾಗುತ್ತದೆ. ಅಂದು ಹಲ್ಲಿಯ ಬಣ್ಣ ಮಾಸಿ, ಮೈಗೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಗೂಡಿನ ಅಂಚಿಗೆ ಮೂತಿ ಉಜ್ಜಿ ಪೊರೆ ಬಿಡಿಸಿಕೊಳ್ಳುತ್ತದೆ, ಕಾಲಿನ ಪೊರೆಯನ್ನು ಕೈಗವಸಿನಂತೆ ಬಾಯಿಂದ ಎಳೆದು ನುಂಗಿಬಿಡುತ್ತದೆ. ತೇವ ಸಾಲದಿದ್ದರೆ ಬೆರಳ ತುದಿಯಲ್ಲಿ ಪೊರೆಯ ಉಂಗುರ ಉಳಿಯುತ್ತದೆ. ಅದು ಒಣಗಿ ಬಿಗಿಯಾದಂತೆ ರಕ್ತ ನಿಂತು ಬೆರಳೇ ಉದುರಬಹುದು. ಪ್ರತಿ ಸಲ ಪೊರೆ ಬಿಟ್ಟ ಮೇಲೆ ಬೆರಳುಗಳನ್ನು ಒಂದೊಂದಾಗಿ ನೋಡಿ. ಉಂಗುರ ಕಂಡರೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಒದ್ದೆ ಹತ್ತಿಯಿಂದ ಮೆಲ್ಲಗೆ ಸರಿಸಿ.

ಮರುಭೂಮಿಯ ಪ್ರಾಣಿಯೆಂದುಕೊಂಡು ಬರೀ ಮರಳು ಸುರಿಯುವವರಿದ್ದಾರೆ. ಬೇಟೆಯ ಜೊತೆ ಮರಳೂ ಹೊಟ್ಟೆ ಸೇರಿ ಕರುಳು ಕಟ್ಟಬಹುದು. ಮೊದಮೊದಲು ಪೇಪರ್ ಟವೆಲ್ ಹಾಸಿ, ಆಮೇಲೆ ಒರಟು ಕಲ್ಲಿನ ಬಿಲ್ಲೆಗಳನ್ನು ಜೋಡಿಸಬಹುದು. ಕುಡಿಯಲು ಆಳವಿಲ್ಲದ ತಟ್ಟೆಯಲ್ಲಿ ದಿನವೂ ಹೊಸ ನೀರಿಡಿ. ಹಗಲು 12 ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲೆ ಇರಲಿ.

ಹೊಸ ಅತಿಥಿಗಳು

ಎರಡು ಹಲ್ಲಿ ತಂದರೆ ಎರಡು ತೊಟ್ಟಿ ಬೇಕು. ಗಂಡುಗಳೆರಡು ಒಟ್ಟಿಗಿದ್ದರೆ ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ. ಹೆಣ್ಣುಗಳಲ್ಲೂ ಜೋರಿನದು ಬಿಸಿ ಜಾಗ, ಆಹಾರ ಎರಡನ್ನೂ ಹಿಡಿದುಕೊಂಡು ಇನ್ನೊಂದನ್ನು ಬಡಕಲಾಗಿಸುತ್ತದೆ. ಒಂದರ ಮೇಲೊಂದು ಮಲಗಿದ್ದನ್ನು ನೋಡಿ ಪ್ರೀತಿಯೆಂದುಕೊಳ್ಳಬೇಡಿ, ಬಿಸಿ ಜಾಗಕ್ಕಾಗಿ ನಡೆದ ಪೈಪೋಟಿಯೂ ಹಾಗೆಯೇ ಕಾಣುತ್ತದೆ.

ಮೊದಲ ಒಂದೆರಡು ವಾರ ಮುಟ್ಟಬೇಡಿ. ನೀರು, ಆಹಾರ ಇಟ್ಟು ಸುಮ್ಮನಿರಿ. ಹಿಕ್ಕೆಯನ್ನು ಸರೀಸೃಪ ಬಲ್ಲ ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೇ ಇನ್ನೊಂದನ್ನು ಹಲ್ಲಿಗಾಗಿ ಬೇರೆ ಇಟ್ಟುಕೊಂಡು, ಆಮೇಲೆ ವಾರಕ್ಕೊಮ್ಮೆ ತೂಕ ಬರೆದಿಡಿ. ಬಾಲವನ್ನೂ ಗಮನಿಸಿ, ಅದೇ ಅದರ ಕೊಬ್ಬಿನ ಕಣಜ. ದಪ್ಪ ಬಾಲ ಆರೋಗ್ಯದ ಗುರುತು. ಬಾಲ ಸೊರಗಿತೆಂದರೆ ಒಳಗೇನೋ ಕೆಟ್ಟಿದೆ ಎಂದರ್ಥ. ಹೆದರಿದಾಗ ಅದು ಬಾಲ ಕಳಚಿಕೊಳ್ಳುತ್ತದೆ, ಆದ್ದರಿಂದ ಬಾಲ ಹಿಡಿದು ಎತ್ತಲೇಬಾರದು.

ಇದು ಸೊಪ್ಪುಸದೆ ತಿನ್ನುವುದಿಲ್ಲ, ಜೀವಂತ ಹುಳಗಳೇ ಆಗಬೇಕು. ಸಾಕಿದ ಚಿಮ್ಮಂಡೆ, ಡೂಬಿಯಾ ಜಿರಲೆ, ಮೀಲ್‌ವರ್ಮ್ ಹುಳು ಕೊಡಬಹುದು. ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳ ದೊಡ್ಡದಿರಬಾರದು. ಮರಿಗೆ ದಿನವೂ, ಬೆಳೆದದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ ಸಾಕು. ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಿ, ಡಿ3 ಜೀವಸತ್ವವನ್ನೂ ಮರೆಯಬೇಡಿ. ಇವೆರಡು ಕಡಿಮೆಯಾದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ. ಆಹಾರ ಕೊಡಲು ಮುಸ್ಸಂಜೆಯೇ ಸರಿಯಾದ ಹೊತ್ತು. ಹಲ್ಲಿ ತಲೆ ಎತ್ತಿ ನಿಂತು, ಬಾಲದ ತುದಿಯನ್ನಷ್ಟೇ ಬೆಕ್ಕಿನಂತೆ ಅಲುಗಿಸುತ್ತ ಗುರಿ ಹಿಡಿದು, ಒಂದೇ ನೆಗೆತಕ್ಕೆ ಹುಳವನ್ನು ಕಚ್ಚುತ್ತದೆ. ಉಳಿದ ಚಿಮ್ಮಂಡೆಗಳನ್ನು ರಾತ್ರಿಯೇ ತೆಗೆದುಬಿಡಿ, ಇಲ್ಲವಾದರೆ ಅವು ಹಲ್ಲಿಯನ್ನೇ ಕಚ್ಚುತ್ತವೆ. ಹಲ್ಲಿಯನ್ನಾಗಲಿ ತೊಟ್ಟಿಯನ್ನಾಗಲಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸರೀಸೃಪಗಳಿಂದ ಸಾಲ್ಮೊನೆಲ್ಲ ಸೋಂಕು ತಗಲಬಹುದು.

ಕೊನೆಗೆರಡು ಮಾತು. ಮಹಾರಾಷ್ಟ್ರ, ಗುಜರಾತಿನ ಬಯಲುಗಳಲ್ಲಿ ಈ ಹಲ್ಲಿಯ ಸೋದರ ಪ್ರಭೇದವೊಂದಿದೆ. ಅದಕ್ಕೆ ವಿಷವಿಲ್ಲ. ಹೆದರಿ ಕೊಲ್ಲಬೇಡಿ, ಆಸೆಪಟ್ಟು ಹಿಡಿದು ತರಲೂಬೇಡಿ, ಅದರ ಮನೆ ಅದಕ್ಕಿದೆ. ಇನ್ನು ದತ್ತು ಪಡೆಯುವವರು, ಹಲ್ಲಿ ತರುವ ಒಂದು ವಾರ ಮುಂಚೆಯೇ ತೊಟ್ಟಿ ಸಿದ್ಧಮಾಡಿ, ಎರಡೂ ತುದಿಗಳ ಬಿಸಿಯನ್ನು ದಿನವೂ ಅಳೆದು ಬರೆದಿಡಿ. ಆ ಅಂಕಿಗಳು ಏರುಪೇರಿಲ್ಲದೆ ನಿಂತ ಮೇಲೆಯೇ ಹಲ್ಲಿಯನ್ನು ಕರೆತನ್ನಿ.